ಸ್ಲೀಪ್ ಒತ್ತಿದ್ದೆ, ಕರೆಂಟು ಹೋಯ್ತು

ಹೆಡ್‌ಫೋನ್ ಹಾಕ್ಕೊಂಡವರಿಗೂ ನಮಸ್ಕಾರ, ಬಸ್ಸಿನಲ್ಲಿ ಸ್ಪೀಕರ್ ಹಾಕಿ ಪಕ್ಕದವರ ಹತ್ರ ಬೈಸಿಕೊಳ್ತಾ ಇರುವವರಿಗೂ ನಮಸ್ಕಾರ. ಇವತ್ತಿನ ಕಂತು ಕಂಪ್ಯೂಟರಿನ ಪವರ್ ಬಟನ್ ಬಗ್ಗೆ. ಅದನ್ನ ಒತ್ತಿದರೆ ಸ್ಲೀಪ್, ಹೈಬರ್ನೇಟ್, ಶಟ್‌ಡೌನ್, ರೀಸ್ಟಾರ್ಟ್ ಅಂತ ಬರುತ್ತಲ್ಲ, ಆ ನಾಲ್ಕು ಪದಗಳ ಇತಿಹಾಸ. ನಾನು ಓದಿದ್ದು ಬಿ.ಕಾಂ. ಡೆಬಿಟ್ ಕ್ರೆಡಿಟ್ ಬಿಟ್ಟರೆ ನನಗೆ ಈ ವಿಷಯದಲ್ಲಿ ಅಧಿಕಾರ ಏನೂ ಇಲ್ಲ. ಆದರೆ ಇದರಲ್ಲಿ ನಾನು ಒಂದು ನಷ್ಟ ಮಾಡಿಕೊಂಡಿದ್ದೇನೆ. ಮೊದಲು ಅದನ್ನ ಹೇಳಿಬಿಡ್ತೇನೆ.

2019ರ ಆಗಸ್ಟ್. ನಮ್ಮ ಮನೆ ಸಿದ್ದಾಪುರ ತಾಲೂಕಿನ ಒಂದು ಹಳ್ಳಿಯಲ್ಲಿ. ಆ ವರ್ಷ ಉತ್ತರ ಕನ್ನಡದಲ್ಲಿ ನೆರೆ ಬಂದಿದ್ದು ನಿಮಗೂ ನೆನಪಿರಬಹುದು. ಶಿರಸಿಗೆ ಹೋಗುವ ಬಸ್ಸು ನಿಂತು, ನಾನು ಮನೆಯಲ್ಲೇ ಕೂತಿದ್ದೆ. ಹೊತ್ತು ಹೋಗದೆ ಅಜ್ಜನ ಹತ್ರ ಹಳೇ ಕಥೆ ಕೇಳೋಕೆ ಶುರು ಮಾಡಿದೆ. ಅಜ್ಜನದು ಮೂಲದಲ್ಲಿ ಶರಾವತಿ ಕಣಿವೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆಯ್ತಲ್ಲ, ಅದರ ಹಿನ್ನೀರಿನಲ್ಲಿ ಮನೆ, ತೋಟ, ಗದ್ದೆ ಎಲ್ಲ ಹೋಯ್ತು. ಬಾಗಿಲು, ಹಂಚು, ತೊಲೆ ಕಳಚಿ ಗಾಡಿಗೆ ಹೇರಿಕೊಂಡು ಸಿದ್ದಾಪುರದ ಕಡೆ, ಅಕ್ಕನ ಮನೆಗೆ ಬಂದವನು.

ಫೋನಿನಲ್ಲಿ ರೆಕಾರ್ಡ್ ಮಾಡೋಣ ಅಂದರೆ ಆಗ್ತಿರಲಿಲ್ಲ. ಫೋನ್ ಮುಂದೆ ಹಿಡಿದರೆ ಸಾಕು, ಅಜ್ಜ ರೇಡಿಯೋ ವಾರ್ತೆ ಓದುವವರ ಹಾಗೆ ಗ್ರಾಂಥಿಕ ಮಾತಾಡ್ತಿದ್ದ. ಹಾಗಾಗಿ ಅವನು ಎಲೆಯಡಿಕೆ ಹಾಕ್ಕೊಂಡು ಮಾತಾಡ್ತಾ ಹೋದ, ನಾನು ಹಳೇ ಡೆಸ್ಕ್‌ಟಾಪಿನಲ್ಲಿ ನೋಟ್‌ಪ್ಯಾಡ್ ತೆಗೆದು ಟೈಪ್ ಮಾಡ್ತಾ ಹೋದೆ. ಮಧ್ಯಾಹ್ನದಿಂದ ರಾತ್ರಿ ಊಟದವರೆಗೆ. ಆವತ್ತು ಅವನು ಮುಳುಗಿದ ಗದ್ದೆಗಳ ಹೆಸರನ್ನ ಒಂದೊಂದಾಗಿ ಹೇಳಿದ. ಒಟ್ಟು 13 ಹೆಸರು. ಎಣಿಸಿದ್ದು ನೆನಪಿದೆ, ಯಾಕಂದ್ರೆ ನನಗೆ ಆಶ್ಚರ್ಯ ಆಗಿತ್ತು. ಈಗ ನಮ್ಮಲ್ಲಿ ಗದ್ದೆಗೆ ಸರ್ವೆ ನಂಬರ್ ಇದೆ, ಹೆಸರೆಲ್ಲಿದೆ?

ಅಮ್ಮ ಊಟಕ್ಕೆ ಕರೆದಳು. ಊಟ ಮಾಡಿ ಬಂದು ಮುಂದುವರಿಸೋಣ ಅಂತ ಸ್ಲೀಪ್ ಒತ್ತಿ ಎದ್ದೆ. ಊಟ ಆದಮೇಲೆ ಅಜ್ಜ ಮಲಗಿದ, ನಾನೂ ಮಲಗಿದೆ. ರಾತ್ರಿ ಕರೆಂಟು ಹೋಯ್ತು. ಇನ್ವರ್ಟರ್ ಬೆಳಗಿನ ಜಾವದವರೆಗೆ ಎಳೆದಿದೆ, ಆಮೇಲೆ ಅದೂ ಕೈಚೆಲ್ಲಿದೆ. ಬೆಳಗ್ಗೆ ನೋಡಿದರೆ ಸಿಪಿಯು ಮೇಲೆ ಮಿಣುಕುತ್ತಿದ್ದ ಸಣ್ಣ ದೀಪ ಇಲ್ಲ. ಮೂರು ದಿನ ಬಿಟ್ಟು ಕರೆಂಟು ಬಂದಾಗ ಕಪ್ಪು ಪರದೆ ಮೇಲೆ, ವಿಂಡೋಸ್ ಸರಿಯಾಗಿ ಶಟ್‌ಡೌನ್ ಆಗಿರಲಿಲ್ಲ ಅನ್ನುವ ಸಂದೇಶ. ನೋಟ್‌ಪ್ಯಾಡ್ ತೆಗೆದರೆ ಅನ್‌ಟೈಟಲ್ಡ್, ಖಾಲಿ. ನಾನು ಫೈಲಿಗೆ ಹೆಸರು ಕೂಡ ಕೊಟ್ಟಿರಲಿಲ್ಲ, ಸೇವ್ ಎಲ್ಲಿಂದ ಬಂತು.

ಅಜ್ಜನಿಗೆ ಹೇಳಿದೆ, ಕಂಪ್ಯೂಟರ್ ಮಲಗಿಸಿದ್ದೆ, ಎಲ್ಲ ಹೋಯ್ತು ಅಂತ. ಅವನು ಕೇಳಿದ್ದು ಒಂದೇ. "ಮಲಗಿದ್ದು ಏಳವು ಅಲ್ದನಾ ತಮಾ?"

ಸರಿಯಾದ ಪ್ರಶ್ನೆ. ಮಲಗಿದ್ದು ಯಾಕೆ ಏಳಲಿಲ್ಲ?

ಕಂಪ್ಯೂಟರಿಗೆ ಎರಡು ಥರದ ನೆನಪು. ಡಿಸ್ಕ್ ಅಂದರೆ ಕಡತದ ಕಪಾಟು, ಕರೆಂಟು ಹೋದರೂ ಅಲ್ಲೇ ಇರುತ್ತೆ. ರ‍್ಯಾಮ್ ಅಂದರೆ ಮೇಜಿನ ಮೇಲೆ ಹರಡಿಕೊಂಡ ಕೆಲಸ. ಈಗಿನ ರ‍್ಯಾಮಿನ ಮೂಲ ವಿನ್ಯಾಸ ಐಬಿಎಂನ ರಾಬರ್ಟ್ ಡೆನ್ನಾರ್ಡ್ ಅವರದ್ದು, ಪೇಟೆಂಟ್ ಸಿಕ್ಕಿದ್ದು 1968ರಲ್ಲಿ. ಒಂದೊಂದು ಅಕ್ಷರದ ಚೂರನ್ನೂ ಅತಿ ಸಣ್ಣ ಕೆಪಾಸಿಟರಿನಲ್ಲಿ ವಿದ್ಯುತ್ ತುಂಬಿಸಿ ಇಡುವುದು. ಕೆಪಾಸಿಟರ್ ಅಂದರೆ ಸೋರುವ ಕೊಡ ಅಂದ್ಕೊಳ್ಳಿ. ಸಾಮಾನ್ಯವಾಗಿ 64 ಮಿಲಿಸೆಕೆಂಡಿನ ಒಳಗೆ ಎಲ್ಲ ಕೊಡಗಳನ್ನೂ ಮತ್ತೆ ತುಂಬಬೇಕು. ಅಂದರೆ ಸೆಕೆಂಡಿಗೆ 15 ಸಲಕ್ಕಿಂತ ಹೆಚ್ಚು. ಸ್ಲೀಪ್ ಒತ್ತಿದಾಗ ಪರದೆ, ಡಿಸ್ಕ್, ಪ್ರೊಸೆಸರ್ ಎಲ್ಲ ನಿಲ್ಲುತ್ತೆ, ಈ ಕೊಡ ತುಂಬುವ ಕೆಲಸ ಮಾತ್ರ ನಡೀತಾನೇ ಇರುತ್ತೆ. ಅದಕ್ಕೇ ಎದ್ದಾಗ ಎರಡು ಮೂರು ಸೆಕೆಂಡಿನಲ್ಲಿ ಬಿಟ್ಟಲ್ಲಿಂದಲೇ ಶುರು. ಆದರೆ ಸ್ವಲ್ಪವಾದರೂ ಕರೆಂಟು ಬೇಕೇಬೇಕು. ಕ್ಷಣ ತಪ್ಪಿದರೂ ಕೊಡ ಖಾಲಿ.

ತಮಾಷೆ ಏನಂದ್ರೆ, ಇದಕ್ಕಿಂತ ಹಳೇ ಕಂಪ್ಯೂಟರುಗಳಿಗೆ ಈ ರೋಗ ಇರಲಿಲ್ಲ. ಬೊಂಬಾಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ 1960ರಲ್ಲಿ ಕೆಲಸ ಶುರು ಮಾಡಿದ ಟಿಫ್ರ್ಯಾಕ್, ನಮ್ಮ ದೇಶದಲ್ಲೇ ಕಟ್ಟಿದ ಮೊದಲ ಕಂಪ್ಯೂಟರುಗಳಲ್ಲಿ ಒಂದು. ಅದರ ನೆನಪು ಇದ್ದಿದ್ದು ಫೆರೈಟ್ ಅನ್ನುವ ಅಯಸ್ಕಾಂತದ ಪುಟಾಣಿ ಬಳೆಗಳಲ್ಲಿ, ತಂತಿಗೆ ಮಣಿಯ ಹಾಗೆ ಪೋಣಿಸಿದ್ದು. ಬಳೆ ಒಮ್ಮೆ ಒಂದು ದಿಕ್ಕಿಗೆ ಅಯಸ್ಕಾಂತ ಆಯ್ತು ಅಂದರೆ ಕರೆಂಟು ಹೋದರೂ ಹಾಗೇ ಇರುತ್ತೆ. ಜಾಗ ಮಾತ್ರ ತೀರ ಕಡಿಮೆ, 2048 ಪದ ಅಷ್ಟೇ. 1970ರ ನಂತರ ಡೆನ್ನಾರ್ಡ್ ಮಾದರಿಯ ಚಿಪ್ ಅಗ್ಗಕ್ಕೆ ಸಿಕ್ತು, ಬಳೆಗಳು ಮೂಲೆಗೆ ಹೋದವು. ಜಾಸ್ತಿ ನೆನಪು, ಕಡಿಮೆ ದುಡ್ಡು, ಮರೆಗುಳಿತನ ಉಚಿತ.

ಆ ಕಾಲದಲ್ಲಿ ಎಲ್ಲರ ತಲೆಬಿಸಿ ಇದ್ದಿದ್ದು ನಿದ್ದೆಯ ಬಗ್ಗೆ ಅಲ್ಲ, ಏಳುವುದರ ಬಗ್ಗೆ. ಆ್ಯಪಲ್‌ನ ಮೊದಲ ಮ್ಯಾಕಿಂಟಾಷ್ ತಂಡದಲ್ಲಿದ್ದ ಆ್ಯಂಡಿ ಹರ್ಟ್ಸ್‌ಫೆಲ್ಡ್ ಬರೆದ ಒಂದು ನೆನಪಿದೆ. 1983ರಲ್ಲಿ ಸ್ಟೀವ್ ಜಾಬ್ಸ್ ಬಂದು, ಬೂಟ್ ಆಗೋದು ನಿಧಾನ, ಹತ್ತು ಸೆಕೆಂಡ್ ಇಳಿಸಿ ಅಂದರಂತೆ. 50 ಲಕ್ಷ ಜನ ದಿನಕ್ಕೆ ಒಮ್ಮೆ ಆನ್ ಮಾಡಿದರೆ ದಿನಕ್ಕೆ 5 ಕೋಟಿ ಸೆಕೆಂಡ್ ಉಳಿಯುತ್ತೆ, ವರ್ಷಕ್ಕೆ ಡಜನ್‌ಗಟ್ಟಲೆ ಜನರ ಆಯುಷ್ಯ ಅಂತ ಲೆಕ್ಕ ಕೊಟ್ಟರಂತೆ. ಕಾಮರ್ಸ್ ಓದಿದವನು ಸುಮ್ಮನೆ ಬಿಡ್ತೇನಾ? ಕ್ಯಾಲ್ಕುಲೇಟರ್ ತೆಗೆದೆ. ವರ್ಷಕ್ಕೆ 1825 ಕೋಟಿ ಸೆಕೆಂಡ್, ಅಂದರೆ ಸುಮಾರು 578 ವರ್ಷ. ಒಬ್ಬರಿಗೆ 70 ವರ್ಷ ಅಂತ ಹಿಡಿದರೆ ಎಂಟು ಜನರ ಆಯುಷ್ಯ, ಡಜನ್ ಕೂಡ ಆಗಲಿಲ್ಲ. ಆದರೂ ತಂಡದವರು ಹತ್ತು ಸೆಕೆಂಡಿಗಿಂತ ಜಾಸ್ತಿಯೇ ಇಳಿಸಿದರು.

ನಮ್ಮಲ್ಲಿ ಆ ಸೆಕೆಂಡುಗಳನ್ನ ಎಣಿಸಿದವರು ತಾಲೂಕು ಕಚೇರಿಯ ಕಿಟಕಿ ಮುಂದೆ ನಿಂತ ರೈತರು. ಈ ಶತಮಾನದ ಶುರುವಿನಲ್ಲಿ ಭೂಮಿ ಯೋಜನೆ ಬಂದು ಪಹಣಿ ಕಂಪ್ಯೂಟರಿಗೆ ಹೋಯ್ತು. ಆಗ ರಾಜ್ಯದಲ್ಲಿದ್ದ 177 ತಾಲೂಕುಗಳಲ್ಲಿ ಶಿರಸಿ, ಸಿದ್ದಾಪುರ, ಯಲ್ಲಾಪುರವೂ ಸೇರಿ ಎಲ್ಲ ಕಡೆ ಕಿಟಕಿ, ಒಂದು ಪ್ರತಿಗೆ ಆಗ 15 ರೂಪಾಯಿ ಇತ್ತು. ಕರೆಂಟು ಹೋಗಿ ಬಂದಾಗೆಲ್ಲ ಆ ಪೆಟ್ಟಿಗೆ ಮತ್ತೆ ಏಳುವವರೆಗೆ ಸಾಲು ಹಾಗೇ ನಿಂತಿರ್ತಿತ್ತು ಅಂತ ಅಪ್ಪ ಹೇಳ್ತಾರೆ.

ಇನ್ನು ನಿದ್ದೆಯ ಕಥೆ. 1992ರಲ್ಲಿ ಅಮೆರಿಕದ ಪರಿಸರ ಇಲಾಖೆ ಎನರ್ಜಿ ಸ್ಟಾರ್ ಅನ್ನುವ ಗುರುತು ತಂದಿತು. ಕರೆಂಟು ಉಳಿಸುವ ಸಾಮಾನಿಗೆ ಒಂದು ಸ್ಟಿಕ್ಕರ್. ಅದು ಮೊದಲು ಅಂಟಿದ್ದು ಫ್ರಿಜ್ಜಿಗೋ ಫ್ಯಾನಿಗೋ ಅಲ್ಲ, ಕಂಪ್ಯೂಟರ್ ಮತ್ತು ಮಾನಿಟರಿಗೆ. ಆಫೀಸುಗಳಲ್ಲಿ ಯಾರೂ ಆಫ್ ಮಾಡದೆ ಬಿಟ್ಟು ಹೋಗ್ತಿದ್ದ ಯಂತ್ರಗಳನ್ನ ಮಲಗಿಸಬೇಕಿತ್ತು. ಅದೇ ವರ್ಷ ಇಂಟೆಲ್ ಮತ್ತು ಮೈಕ್ರೋಸಾಫ್ಟ್ ಸೇರಿ ಎಪಿಎಂ ಅನ್ನುವ ಪದ್ಧತಿ ತಂದರು. 1996ರ ಡಿಸೆಂಬರಿನಲ್ಲಿ ತೊಷಿಬಾವನ್ನೂ ಸೇರಿಸಿಕೊಂಡು ಎಸಿಪಿಐ. ಇವತ್ತಿಗೂ ನಮ್ಮ ಯಂತ್ರಗಳು ನಡೆಯುವುದು ಅದರ ಪ್ರಕಾರವೇ. ನಿದ್ದೆಗೆ ನಂಬರ್ ಕೊಟ್ಟವರು ಅವರು. ಎಸ್3 ಅಂದರೆ ಸ್ಲೀಪ್, ಎಸ್4 ಅಂದರೆ ಹೈಬರ್ನೇಟ್, ಎಸ್5 ಪೂರ್ತಿ ಬಂದ್.

ಇಲ್ಲಿ ನನಗೊಂದು ಅನಿಸಿಕೆ ಇದೆ. ಸ್ಲೀಪ್ ಅನ್ನುವುದು ಗೋಡೆಯ ಪ್ಲಗ್ಗಿನಲ್ಲಿ ಕರೆಂಟು ಯಾವಾಗಲೂ ಇದ್ದೇ ಇರುತ್ತೆ ಅಂತ ನಂಬಿದ ಊರಿನವರು ಮಾಡಿದ್ದು. ಅವರ ಚಿಂತೆ ಕರೆಂಟಿನ ಬಿಲ್ಲು, ನಮ್ಮ ಚಿಂತೆ ಕರೆಂಟು. ಮಳೆಗಾಲದ ಮಲೆನಾಡಿಗೆ ಹೊಂದುವುದು ಹೈಬರ್ನೇಟ್. ಮೇಜಿನ ಮೇಲಿದ್ದ ಕಾಗದವನ್ನೆಲ್ಲ ಹಾಗೇ ಎತ್ತಿ ಕಪಾಟಿನಲ್ಲಿಟ್ಟು, ದೀಪ ಆರಿಸಿ ಹೋಗುವುದು ಅದು. ರ‍್ಯಾಮಿನಲ್ಲಿ ಇದ್ದಿದ್ದೆಲ್ಲ ಡಿಸ್ಕಿಗೆ ಒಂದು ಫೈಲ್ ಆಗಿ ಹೋಗುತ್ತೆ, ಆಮೇಲೆ ಪ್ಲಗ್ಗೇ ಕಿತ್ತರೂ ಚಿಂತೆಯಿಲ್ಲ. ಏಳೋಕೆ ಮಾತ್ರ ಸ್ವಲ್ಪ ಹೊತ್ತು ಬೇಕು. 2001ರಲ್ಲಿ ವಿಂಡೋಸ್ ಎಕ್ಸ್‌ಪಿ ಬಂದಾಗ ಮೈಕ್ರೋಸಾಫ್ಟ್ ಇಟ್ಟುಕೊಂಡ ಗುರಿ, ಬೂಟ್‌ಗೆ 30 ಸೆಕೆಂಡ್, ಹೈಬರ್ನೇಟಿನಿಂದ ಏಳೋಕೆ 20, ಸ್ಲೀಪಿನಿಂದ ಏಳೋಕೆ 5. ಗುರಿ ಅಂತ ಹೇಳಿದೆ, ನಮ್ಮ ಮನೆಯ ಅನುಭವ ಬೇರೆ.

ಇಷ್ಟೆಲ್ಲ ಓದಿದ ಮೇಲೆ ಹೊಟ್ಟೆ ಉರಿಯುವ ಭಾಗ ಸಿಕ್ತು. ನಮ್ಮಂಥ ಊರಿನವರ ಕಷ್ಟ ಅವರಿಗೂ ಗೊತ್ತಿತ್ತು! 2007ರಲ್ಲಿ ವಿಸ್ಟಾ ಜೊತೆ ಹೈಬ್ರಿಡ್ ಸ್ಲೀಪ್ ಅಂತ ಬಂತು. ಸ್ಲೀಪ್ ಒತ್ತಿದಾಗ ರ‍್ಯಾಮಿಗೆ ಕರೆಂಟೂ ಕೊಡುತ್ತೆ, ಡಿಸ್ಕಿಗೆ ಒಂದು ನಕಲನ್ನೂ ಬರೆಯುತ್ತೆ. ಕರೆಂಟು ಇದ್ದರೆ ತಕ್ಷಣ ಏಳುತ್ತೆ, ಹೋದರೆ ನಕಲಿನಿಂದ ಏಳುತ್ತೆ. ನನ್ನ ಯಂತ್ರದಲ್ಲಿದ್ದ ವಿಂಡೋಸ್ 7, ಡೆಸ್ಕ್‌ಟಾಪ್ ಆದರೆ ಇದನ್ನ ತಾನಾಗಿಯೇ ಮಾಡುತ್ತೆ. ಅಂದಮೇಲೆ ಅಜ್ಜನ ಮಾತು ಉಳಿಯಬೇಕಿತ್ತಲ್ಲ?

ಉಳಿಯಬೇಕಿತ್ತು. ಆದರೆ ಅದಕ್ಕೆ ಕೆಲವು ತಿಂಗಳ ಮೊದಲು ಸಿ ಡ್ರೈವ್ ತುಂಬಿ ಕೆಂಪಾಗಿತ್ತು. ಜಾಗ ಮಾಡೋಕೆ ಏನು ಅಳಿಸಬಹುದು ಅಂತ ಒಂದು ವಿಡಿಯೋ ನೋಡಿದೆ. ಅದರಲ್ಲಿ ಹೈಬರ್‌ಫಿಲ್ ಅನ್ನುವ ಫೈಲ್ ದಂಡ, ಒಂದು ಕಮಾಂಡ್ ಹೊಡೆದರೆ ಹೋಗುತ್ತೆ ಅಂದರು. ನನ್ನ 4 ಜಿಬಿ ರ‍್ಯಾಮಿಗೆ ಆ ಫೈಲ್ 3 ಜಿಬಿ ಹಿಡಿದಿತ್ತು. ಹೊಡೆದೆ. ಹೈಬರ್ನೇಟ್ ಜೊತೆಗೆ ಹೈಬ್ರಿಡ್ ಸ್ಲೀಪೂ ಹೋಗುತ್ತೆ ಅಂತ ಆ ವಿಡಿಯೋದವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಆ 3 ಜಿಬಿಯಲ್ಲಿ ನಾನು ಇಳಿಸಿಕೊಂಡಿದ್ದು ಎರಡು ಸಿನಿಮಾ. ಒಂದನ್ನ ಇನ್ನೂ ನೋಡಿಲ್ಲ.

ಈಗ ಒಂದು ಸಲ ನಮ್ಮ ನಕ್ಷೆ ನೋಡಿ. ನಮ್ಮ ಮನೆಯಿಂದ ಜೋಗ ದೂರವಲ್ಲ. ಅಲ್ಲಿ 1948ರಿಂದಲೇ ವಿದ್ಯುತ್ ಉತ್ಪಾದನೆ ಇದೆ, ಈಗಿನ ಮಹಾತ್ಮಾ ಗಾಂಧಿ ವಿದ್ಯುದಾಗಾರ. ಅದಕ್ಕೆ ನೀರು ಹಿಡಿಯಲು ಕಟ್ಟಿದ ಹಿರೇಭಾಸ್ಕರ ಅಣೆಕಟ್ಟು, ಮುಂದೆ ಲಿಂಗನಮಕ್ಕಿಯ ನೀರಿನಲ್ಲಿ ತಾನೇ ಮುಳುಗಿತು. ಲಿಂಗನಮಕ್ಕಿಯ ನೀರಿನಿಂದ ಶರಾವತಿ ವಿದ್ಯುದಾಗಾರಕ್ಕೆ 1035 ಮೆಗಾವ್ಯಾಟ್ ಸಾಮರ್ಥ್ಯ. ಯಲ್ಲಾಪುರದ ಕಡೆ ಹೋದರೆ ಕಾಳಿ ನದಿಗೆ ಕೊಡಸಳ್ಳಿ ಅಣೆಕಟ್ಟು, 120 ಮೆಗಾವ್ಯಾಟ್. ಇನ್ನೂ ಕೆಳಗೆ ಕೈಗಾ ಅಣುಸ್ಥಾವರ. ಅದರ ಮೊದಲ ಘಟಕ 2016ರ ಮೇ ತಿಂಗಳಿನಿಂದ 2018ರ ಡಿಸೆಂಬರ್ 31ರವರೆಗೆ ಒಂದೇ ಸಮನೆ 962 ದಿನ ನಿಲ್ಲದೆ ಓಡಿತ್ತು, ಆಗ ಅದು ವಿಶ್ವದಾಖಲೆ. ಅದಾಗಿ ಎಂಟು ತಿಂಗಳಿಗೆ ನನ್ನ ಕಂಪ್ಯೂಟರಿಗೆ ಒಂದು ರಾತ್ರಿಯ ಕರೆಂಟು ಸಾಲಲಿಲ್ಲ. ಮರ ಬಿದ್ದರೆ ತಂತಿ ತುಂಡಾಗುತ್ತೆ, ಕಾಡಿನ ಊರು, ಯಾರನ್ನೂ ಬೈಯುವ ಹಾಗಿಲ್ಲ. ಅಜ್ಜನೂ ಬೈಯಲಿಲ್ಲ. ಆದರೆ ಗದ್ದೆ ಬಿಟ್ಟುಕೊಟ್ಟಿದ್ದು ಆ ಕರೆಂಟಿಗೇ ಅಲ್ವಾ ಅನ್ನುವುದು ನನ್ನ ತಲೆಯಿಂದ ಹೋಗಿಲ್ಲ.

ನಿಮ್ಮ ಲ್ಯಾಪ್‌ಟಾಪಿನ ಕಥೆ ಬೇಗ ಹೇಳಿ ಮುಗಿಸ್ತೇನೆ. 2012ರಲ್ಲಿ ವಿಂಡೋಸ್ 8 ಜೊತೆ ಫಾಸ್ಟ್ ಸ್ಟಾರ್ಟಪ್ ಬಂತು. ಅವತ್ತಿನಿಂದ ಶಟ್‌ಡೌನ್ ಅಂದರೆ ಅರ್ಧ ಸುಳ್ಳು. ನೀವು ತೆರೆದಿದ್ದ ಕೆಲಸ ಮುಚ್ಚುತ್ತೆ, ಆದರೆ ವಿಂಡೋಸಿನ ತಿರುಳು ಹೈಬರ್ನೇಟ್ ಆಗುತ್ತೆ. ನಿಜವಾಗಿ ಪೂರ್ತಿ ಮುಚ್ಚಿ ತೆರೆಯುವುದು ರೀಸ್ಟಾರ್ಟ್. ಯಲ್ಲಾಪುರದ ನನ್ನ ಗೆಳೆಯ ಒಬ್ಬ ದಿನಾ ರಾತ್ರಿ ಶಟ್‌ಡೌನ್ ಮಾಡ್ತಾನೆ, ಟಾಸ್ಕ್ ಮ್ಯಾನೇಜರಿನಲ್ಲಿ ಅಪ್‌ಟೈಮ್ ನೋಡಿದರೆ 11 ದಿನ ಅಂತ ತೋರಿಸ್ತಿತ್ತು. ಪ್ರಿಂಟರ್ ಹಟ ಹಿಡಿದಾಗ ಅಂಗಡಿಯವರು ರೀಸ್ಟಾರ್ಟ್ ಮಾಡಿ ನೋಡಿ ಅನ್ನುವುದು ಸುಮ್ಮನೆ ಅಲ್ಲ. ಹೊಸ ಲ್ಯಾಪ್‌ಟಾಪ್ ಬಹಳಷ್ಟರಲ್ಲಿ ಈಗ ಎಸ್3 ಕೂಡ ಇಲ್ಲ. ಫೋನಿನ ಹಾಗೆ ಅರೆನಿದ್ದೆ, ಮಾಡರ್ನ್ ಸ್ಟ್ಯಾಂಡ್‌ಬೈ ಅಂತಾರೆ. ಮುಚ್ಚಿ ಬ್ಯಾಗಿಗೆ ಹಾಕಿದ ಲ್ಯಾಪ್‌ಟಾಪ್ ಕೆಲವು ಸಲ ಬಿಸಿಯಾಗಿ, ಬ್ಯಾಟರಿ ಖಾಲಿಯಾಗಿ ಸಿಗುವುದು ಅದಕ್ಕೆ. ಪ್ರಯಾಣ ಇದ್ದರೆ ಹೈಬರ್ನೇಟ್ ಮಾಡಿ. ಮೆನುವಿನಲ್ಲಿ ಕಾಣದಿದ್ದರೆ ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ನಲ್ಲಿ ಹುಡುಕಿ ಟಿಕ್ ಹಾಕಬೇಕು. ಡಿಸ್ಕಿನ ಬದಲು ಎಸ್‌ಎಸ್‌ಡಿ ಹಾಕಿಸಿದರೆ ಹೈಬರ್ನೇಟ್ ನಿಧಾನ ಅನ್ನುವ ದೂರೂ ಹೆಚ್ಚುಕಡಿಮೆ ಹೋಗುತ್ತೆ.

ಅಜ್ಜ ಆ ವರ್ಷ ದೀಪಾವಳಿ ಹೊತ್ತಿಗೆ ಮತ್ತೆ ಕಥೆ ಹೇಳಿದ. ಈ ಸಲ ಪ್ರತಿ ಸಾಲಿಗೂ ಸೇವ್ ಒತ್ತಿದೆ. ಆದರೆ ಕಥೆ ಸಣ್ಣದಾಗಿತ್ತು. ಗದ್ದೆಯ ಹೆಸರು ಏಳು ಬಂತು, ಆಮೇಲೆ ನಿಂತ. "ಇನ್ನೂ ಇದ್ದು, ಬತ್ತಿಲ್ಲೆ" ಅಂದ. ಮೊದಲ ಸಲ ಟೈಪ್ ಮಾಡಿದ್ದು ನಾನೇ, ನನ್ನದೇ ಬೆರಳು. ನನಗೂ ಉಳಿದ ಆರು ನೆನಪಾಗಲಿಲ್ಲ. ಅಜ್ಜ ಈಗ ಇಲ್ಲ.

ಇದ್ದ ಏಳರಲ್ಲಿ ಎರಡು ಹೇಳ್ತೇನೆ. ಕೆಳಗಿನ ಮಕ್ಕಿ, ಹೊಳೆಬಾಗಿಲು. ನಿಮ್ಮ ಮನೆಯಲ್ಲಿ ಶರಾವತಿ ಹಿನ್ನೀರಿನ ಕಡೆಯಿಂದ ಎದ್ದು ಬಂದ ಅಜ್ಜ ಅಜ್ಜಿ ಇದ್ದರೆ, ಗದ್ದೆಗೆ, ತೋಟಕ್ಕೆ, ಬೇಣಕ್ಕೆ ಅವರು ಕರೀತಿದ್ದ ಹೆಸರು ಏನೇನು ಅಂತ ಕೇಳಿ. ಕೇಳಿ, ಅವರ ದನಿಯಲ್ಲೇ ಒಂದು ವಾಯ್ಸ್ ನೋಟ್ ಕಳಿಸಿ. ವಾರ್ತೆ ಓದುವ ಹಾಗೆ ಮಾತಾಡಿದರೂ ಪರವಾಗಿಲ್ಲ.