ಸುಲ್ತಾನನ ವಿಹಾರ, ರೈತನ ಹೊಲದೂಟ



ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಎತ್ತರದ ತಂಪು ಜಾಗಕ್ಕೆ ಹೋಗಿಬರುವುದು ಎಂದೊಡನೆ ನಿಮಗೆ ನಂದಿಬೆಟ್ಟವೋ ಕೆಮ್ಮಣ್ಣುಗುಂಡಿಯೋ ಊಟಿಯೋ ನೆನಪಾಗುತ್ತದೆ. ಬೀದರ ನೆನಪಾಗುವುದಿಲ್ಲ. ಬಹುಶಃ ಬೀದರದವರಿಗೂ ನೆನಪಾಗುವುದಿಲ್ಲ! ಆದರೆ ಭೂಪಟವನ್ನು ಪಕ್ಕದಲ್ಲಿಟ್ಟುಕೊಂಡು ಒಮ್ಮೆ ನೋಡಿ. ಬೀದರ ಸಮುದ್ರಮಟ್ಟದಿಂದ ಸುಮಾರು 2,300 ಅಡಿ ಎತ್ತರದಲ್ಲಿದೆ. ನಂದಿಬೆಟ್ಟ 4,800 ಅಡಿಗೂ ಮಿಕ್ಕಿದ್ದು. ಅದರ ಮುಂದೆ ಇದು ಬೆಟ್ಟವೇ ಅಲ್ಲ ಎನ್ನಬಹುದು. ನಿಜ, ಇಲ್ಲಿ ಶಿಖರವಿಲ್ಲ. ಮೇಜಿನ ಹಾಗೆ ಚಪ್ಪಟೆಯಾದ ಕೆಂಪು ಕಲ್ಲಿನ ಪ್ರಸ್ಥಭೂಮಿ ಇದು. ಆದರೂ ಕೋಟೆಯ ಗೋಡೆಯ ಮೇಲೆ ನಿಂತು ಕೆಳಗೆ ಹರಡಿರುವ ಬಯಲನ್ನು ನೋಡಿದವರಿಗೆ, ಅಲ್ಲಿಂದ ಬೀಸುವ ಗಾಳಿಗೆ ಮುಖವೊಡ್ಡಿದವರಿಗೆ, ತಾವು ಎತ್ತರದ ಮೇಲಿದ್ದೇವೆ ಎಂಬುದನ್ನು ಯಾರೂ ಹೇಳಬೇಕಾಗಿಲ್ಲ.

ಈ ಕೆಂಪು ಕಲ್ಲಿಗೆ ಜಂಬಿಟ್ಟಿಗೆ ಎಂದು ಹೆಸರು. ಅದು ಸಣ್ಣ ಸಣ್ಣ ರಂಧ್ರಗಳ ಕಲ್ಲು. ಮಳೆನೀರು ಅದರೊಳಗೆ ಇಳಿಯುತ್ತ ಹೋಗಿ, ಕೆಳಗಿನ ಬಿಗಿಯಾದ ಪದರ ತಾಗಿದಾಗ ಮುಂದೆ ದಾರಿಯಿಲ್ಲದೆ ಪಕ್ಕಕ್ಕೆ ಸರಿದು, ಪ್ರಸ್ಥಭೂಮಿಯ ಅಂಚಿನಲ್ಲಿ ಬುಗ್ಗೆಯಾಗಿ ಹೊರಬರುತ್ತದೆ. ಪಾಪನಾಶ, ನರಸಿಂಹ ಝರಣಿ, ನಾನಕ ಝೀರಾ ಇವೆಲ್ಲ ನೀರಿಗಾಗಿಯೇ ಹೆಸರಾದ ಜಾಗಗಳು. ಝರಣಿಯ ಗುಹೆಯೊಳಗೆ ಎದೆಮಟ್ಟದ ನೀರಿನಲ್ಲಿ ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ನಡೆಯುವ ತಂದೆಯರನ್ನು ಇಂದಿಗೂ ನೋಡಬಹುದು. ಗಾಳಿ, ನೀರು ಎರಡೂ ಇದ್ದಲ್ಲಿಗೆ ಜನ ಬರುತ್ತಾರೆ, ರಾಜರೂ ಬರುತ್ತಾರೆ.

ಬಹಮನಿ ಸುಲ್ತಾನ ಅಹಮದ್ ಶಾಹ 1430ರ ಆಸುಪಾಸಿನಲ್ಲಿ ರಾಜಧಾನಿಯನ್ನು ಕಲಬುರಗಿಯಿಂದ ಇಲ್ಲಿಗೆ ತಂದ. ಬೇಟೆಗೆಂದು ಬಂದಾಗ ಮೊಲವೊಂದು (ಕೆಲವರು ನರಿ ಎನ್ನುತ್ತಾರೆ) ಬೇಟೆನಾಯಿಯನ್ನೇ ಎದುರಿಸಿದ್ದನ್ನು ಕಂಡು, ಈ ನೆಲದಲ್ಲಿ ಕೆಚ್ಚಿದೆ ಎಂದು ಇಲ್ಲಿಯೇ ಊರು ಕಟ್ಟಿಸಿದನಂತೆ. ಇದೇ ಕತೆಯನ್ನು ವಿಜಯನಗರದ ಬಗ್ಗೆಯೂ ಹೇಳುವುದನ್ನು ನೀವು ಪಠ್ಯದಲ್ಲಿ ಓದಿರುತ್ತೀರಿ. ಒಂದೇ ಮೊಲ ಎರಡು ರಾಜಧಾನಿಗಳನ್ನು ಸ್ಥಾಪಿಸಲಾರದು. ಎತ್ತರದ ನೆಲೆ, ಬುಗ್ಗೆಗಳ ನೀರು, ಕನ್ನಡ, ತೆಲುಗು, ಮರಾಠಿ ಸೀಮೆಗಳು ಕೂಡುವ ಸ್ಥಾನ, ಕಲಬುರಗಿಯ ಬಿಸಿಲಿಗಿಂತ ಹಿತವಾದ ಹವೆ: ಕಾರಣಗಳನ್ನು ಇಲ್ಲಿ ಹುಡುಕುವುದು ಲೇಸು.

ಈಗ ಮುಖ್ಯ ವಿಷಯಕ್ಕೆ ಬರೋಣ. ರಾಜಧಾನಿ ಬಂದು ಸುಮಾರು ನಾಲ್ಕು ದಶಕ ಕಳೆದಿರುವಾಗ, 1470ರ ಸುಮಾರಿಗೆ, ರಷ್ಯದ ತ್ವೇರ್ ಪಟ್ಟಣದ ವರ್ತಕ ಅಫನಾಸಿ ನಿಕಿತಿನ್ ಬೀದರಕ್ಕೆ ಬಂದ. ಅವನ ಬಳಿ ಮಾರುವುದಕ್ಕಿದ್ದ ದೊಡ್ಡ ಸರಕೆಂದರೆ ಒಂದು ಕುದುರೆ. ವ್ಯಾಪಾರದಲ್ಲಿ ಅವನು ಗಳಿಸಿದ್ದು ಅಷ್ಟಕ್ಕಷ್ಟೆ. ಆದರೆ ಕಂಡದ್ದನ್ನೆಲ್ಲ ಬರೆದಿಟ್ಟ. ಆಗ ಸಿಂಹಾಸನದ ಮೇಲಿದ್ದವನು ಮೂರನೇ ಮುಹಮ್ಮದ್ ಶಾಹ. ಚಿಕ್ಕವನಾಗಿದ್ದಾಗಲೇ, 1463ರಲ್ಲಿ, ಪಟ್ಟವೇರಿದವನು. ಆಡಳಿತದ ಹಗ್ಗ ಅವನ ತಾಯಿಯ ಕೈಯಲ್ಲೂ ಮಂತ್ರಿ ಮಹಮೂದ್ ಗವಾನನ ಕೈಯಲ್ಲೂ ಇದ್ದ ಕಾಲ.

ಈ ತರುಣ ಸುಲ್ತಾನ ತನ್ನ ತಾಯಿ ಮತ್ತು ಹೆಂಡತಿಯೊಡನೆ ವಿಹಾರಕ್ಕೆ ಹೊರಡುವುದನ್ನು ನಿಕಿತಿನ್ ವರ್ಣಿಸಿದ್ದಾನೆ. ನೋಡಿ, ಇದೂ ಒಂದು ಕುಟುಂಬದ ಹೊರಸಂಚಾರವೇ! ಆದರೆ ಜೊತೆಗೆ ಹೊರಟವರ ಲೆಕ್ಕ ಕೇಳಿ: 10,000 ಕುದುರೆ ಸವಾರರು, 50,000 ಕಾಲಾಳುಗಳು, ಹೊನ್ನಿನ ಕವಚ ತೊಟ್ಟ 200 ಆನೆಗಳು, 100 ಕಹಳೆಯವರು, 100 ನರ್ತಕರು, ಸಾಲದ್ದಕ್ಕೆ 100 ಕೋತಿಗಳು. ಎಲ್ಲವೂ ದುಂಡು ಸಂಖ್ಯೆಗಳಾಗಿರುವುದನ್ನು ಗಮನಿಸಿರಬೇಕು. ಬೀದಿಯಲ್ಲಿ ನಿಂತ ಪರದೇಶಿಯೊಬ್ಬ ಐವತ್ತು ಸಾವಿರ ಜನರನ್ನು ಎಣಿಸಲಾರ. ಸಂಖ್ಯೆಯನ್ನು ಹಾಗೆಯೇ ನಂಬಬೇಡಿ. ಅವನ ಕಣ್ಣಿಗೆ ಬಿದ್ದ ವೈಭವವನ್ನು ನಂಬಬಹುದು.

ಅದೇ ನಿಕಿತಿನ್ ಇನ್ನೊಂದು ಮಾತನ್ನೂ ಹೇಳುತ್ತಾನೆ. ಈ ನಾಡಿನಲ್ಲಿ ಜನ ಬಹಳ, ಹಳ್ಳಿಯವರ ಪಾಡು ದೈನ್ಯದ್ದು, ಸರದಾರರು ಮಾತ್ರ ಸುಖದಲ್ಲಿ ತೇಲುತ್ತಾರೆ ಎಂಬುದು ಅದರ ತಾತ್ಪರ್ಯ. ಆ ಸರದಾರರು ಬೆಳ್ಳಿಯ ಪಲ್ಲಕ್ಕಿಯಲ್ಲಿ ಕುಳಿತು ಹೊರಡುತ್ತಿದ್ದರು. ನನಗೆ ಮೆರವಣಿಗೆಯ ಪುಟಗಳಿಗಿಂತ ಈ ಒಂದು ಮಾತೇ ಹೆಚ್ಚು ಬೆಲೆಯುಳ್ಳದ್ದೆನಿಸುತ್ತದೆ. ಅವನು ಊರು ಬಿಟ್ಟ ಸ್ವಲ್ಪ ಕಾಲಕ್ಕೆ, 1473ರ ಸುಮಾರಿನಿಂದ, ಎರಡು ವರ್ಷ ಮಳೆಯಾಗದೆ ದಖ್ಖನ್ನಿನಲ್ಲಿ ಕ್ಷಾಮ ಬಿತ್ತೆಂದೂ, ಜನ ಸತ್ತರು, ಉಳಿದವರು ಬೇರೆ ನಾಡುಗಳಿಗೆ ಗುಳೆ ಹೋದರೆಂದೂ ಇತಿಹಾಸಕಾರ ಫೆರಿಷ್ತಾ ಬರೆದಿದ್ದಾನೆ. ಸುಲ್ತಾನನ ಆನೆಗಳು ಮೆರೆದದ್ದು ಇಂಥ ನೆಲದ ಮೇಲೆ.

ಅರಮನೆಗೆ ಏಳು ಬಾಗಿಲುಗಳಿದ್ದವು, ಪ್ರತಿ ಬಾಗಿಲಲ್ಲಿ ಕಾವಲಿನವರಲ್ಲದೆ ಬರೆಯುವವರೂ ಕುಳಿತು, ಒಳಗೆ ಹೋದವರು, ಹೊರಗೆ ಬಂದವರು ಯಾರು ಎಂದು ದಾಖಲಿಸುತ್ತಿದ್ದರು ಎಂದು ನಿಕಿತಿನ್ ತಿಳಿಸುತ್ತಾನೆ. ಸುಲ್ತಾನ ಹೊರಟರೆ ಬರೆಯಲು ಜನವಿದ್ದರು. ರೈತನೊಬ್ಬ ಹೆಂಡತಿ ಮಕ್ಕಳೊಡನೆ ಹೊಲಕ್ಕೆ ಹೊರಟರೆ ಬರೆಯುವವರು ಯಾರು?

ಹಾಗಾದರೆ ಸಾಮಾನ್ಯ ಜನ ಹೊರಸಂಚಾರ ಮಾಡುತ್ತಲೇ ಇರಲಿಲ್ಲವೆ? ಮಾಡುತ್ತಿದ್ದರು. ಬೀದರದಲ್ಲಿ ಪರಿಚಯವಾದ ಹಿಂದೂ ಸ್ನೇಹಿತರೊಡನೆ ನಿಕಿತಿನ್ ಶ್ರೀಶೈಲದ ಶಿವರಾತ್ರಿ ಜಾತ್ರೆಗೆ ಹೋಗಿಬಂದ. ಅವನ ಬರಹದಲ್ಲಿ ಅದು ‘ಪರ್ವತ’. ದಾರಿ ಒಂದು ತಿಂಗಳದ್ದು. ಜಾತ್ರೆ ದೂರದ್ದಾದ್ದರಿಂದ ಅವನ ಕಣ್ಣಿಗೆ ಬಿತ್ತು. ಊರ ಪಕ್ಕದ ಹೊಲದಲ್ಲಿ ನಡೆಯುವುದು ಬೀಳಲಿಲ್ಲ.

ಅದನ್ನು ಕಾಣಬೇಕಾದರೆ ಬೀದರದ ಹತ್ತಿರದ ಕಮಠಾಣಕ್ಕೆ ಬನ್ನಿ. ಹಳೆಯ ಊರು. ದೊಡ್ಡ ಕೆರೆಯಿದೆ, ಪಾರ್ಶ್ವನಾಥನ ಬಸದಿಯಿದೆ. ಆದರೆ ನಾನು ನಿಮ್ಮನ್ನು ಕರೆಯುತ್ತಿರುವುದು ಕೆರೆ, ಬಸದಿ ನೋಡಲಿಕ್ಕಲ್ಲ. ಡಿಸೆಂಬರ್ ಕೊನೆಗೋ ಜನವರಿಯಲ್ಲೋ ಬರುವ ಎಳ್ಳ ಅಮಾವಾಸ್ಯೆಯ ದಿನ ಬನ್ನಿ. ಆ ಮಧ್ಯಾಹ್ನ ಈ ಸೀಮೆಯ ಹಳ್ಳಿಗಳಲ್ಲಿ ಬೀದಿಗಳು ಬರಿದು, ಮನೆಗಳಿಗೆ ಬೀಗ. ಕಮಠಾಣವಿರಲಿ, ಭಾಲ್ಕಿಯಿರಲಿ, ಔರಾದವಿರಲಿ, ಊರಿಗೆ ಊರೇ ಹೊಲದಲ್ಲಿರುತ್ತದೆ.

ಹಿಂಗಾರಿ ಜೋಳ ತೆನೆಗೆ ಬರುವ ಹೊತ್ತು ಅದು. ಬೆಳೆ ಹೊತ್ತ ನೆಲ ಬಸಿರಿ ಹೆಣ್ಣಿನ ಹಾಗೆ, ಅವಳ ಬಯಕೆ ತೀರಿಸಬೇಕು ಎಂಬುದು ರೈತರ ಭಾವನೆ. ಜೋಳದ ದಂಟಿನ ಕೊಂಪೆ ಕಟ್ಟಿ, ಒಳಗೆ ಐದು ಕಲ್ಲುಗಳನ್ನಿಟ್ಟು ಪಾಂಡವರೆಂದು ಪೂಜಿಸುತ್ತಾರೆ. ತಂದ ಅಡಿಗೆಯನ್ನು ಹೊಲದ ಸುತ್ತ ಚೆಲ್ಲುತ್ತಾರೆ, ಇದೇ ಚರಗ. ಅನಂತರ ಊಟ. ಸಜ್ಜೆಯ ರೊಟ್ಟಿ, ಶೇಂಗಾ ಹೋಳಿಗೆ, ಮಡಕೆಯಲ್ಲಿ ಹುಳಿಬಂದ ಜೋಳದ ಅಂಬಲಿ, ಮತ್ತು ಭಜ್ಜಿ. ದಕ್ಷಿಣದ ವಿದ್ಯಾರ್ಥಿಗಳು ಎಣ್ಣೆಯಲ್ಲಿ ಕರಿದ ಬಜ್ಜಿಯೆಂದು ತಿಳಿಯಬಾರದು! ಹಸಿ ತೊಗರಿ, ಅವರೆ, ಕಡಲೆ, ಬಟಾಣಿ, ಸೊಪ್ಪು, ತರಕಾರಿ ಎಲ್ಲವನ್ನೂ ಕೂಡಿಸಿ ಬೇಯಿಸಿದ ಪಲ್ಯ ಅದು. ಆ ತಿಂಗಳಲ್ಲಿ ನೆಲ ಏನೇನು ಕೊಟ್ಟಿದೆಯೋ ಅದೆಲ್ಲ ಒಂದೇ ಪಾತ್ರೆಯಲ್ಲಿ. ಮಳೆ ಕೈಕೊಟ್ಟ ವರ್ಷ ಭಜ್ಜಿಯೂ ಬಡವಾಗುತ್ತದೆ, ಕಾಳುಗಳನ್ನು ಪೇಟೆಯಿಂದ ತರಬೇಕಾಗುತ್ತದೆ.

ಊಟಕ್ಕೆ ನೆರೆಹೊರೆಯವರನ್ನು, ಪೇಟೆಯ ಸ್ನೇಹಿತರನ್ನು, ಅನ್ಯಧರ್ಮದವರನ್ನು ಕರೆಯುವ ರೂಢಿಯುಂಟು. ಹೊಲವಿಲ್ಲದವರೂ ಬರುತ್ತಾರೆ. ಆದರೆ ಕರೆಯುವವನು ಹೊಲದೊಡೆಯ, ಬರುವವನು ಅದೇ ಹೊಲದಲ್ಲಿ ವರ್ಷವಿಡೀ ದುಡಿದವನು ಎಂಬುದನ್ನು ಇತಿಹಾಸದ ವಿದ್ಯಾರ್ಥಿ ಮರೆಯಬಾರದು. ಹಾಗೆಯೇ, ಈ ವಿಹಾರ ಹೆಂಗಸರಿಗೆ ಹಿಂದಿನ ದಿನವೇ ಒಲೆಯ ಮುಂದೆ ಶುರುವಾಗಿರುತ್ತದೆ. ರೊಟ್ಟಿಯ ರಾಶಿ ತಾನಾಗಿ ಏಳುವುದಿಲ್ಲ. ಸುಲ್ತಾನನ ಜೊತೆಯಲ್ಲಿದ್ದ ಕಾಲಾಳುಗಳಿಗೆ ಆ ದಿನ ವಿಹಾರವಾಗಿತ್ತೋ ದುಡಿಮೆಯಾಗಿತ್ತೋ ಎಂದು ಕೇಳುವವರು, ಇಲ್ಲಿಯೂ ಅದೇ ಪ್ರಶ್ನೆ ಕೇಳಬೇಕು.

ನಿಕಿತಿನ್ ಊರು ಮುಟ್ಟಲಿಲ್ಲ, ದಾರಿಯಲ್ಲೇ ತೀರಿಕೊಂಡ. ಅವನ ಬರಹದ ಕಟ್ಟನ್ನು ಬೇರೆ ವರ್ತಕರು ಒಯ್ದು 1475ರಲ್ಲಿ ಮಾಸ್ಕೋದ ಅಧಿಕಾರಿಯೊಬ್ಬನಿಗೆ ಒಪ್ಪಿಸಿದರು. ಆ ಕಟ್ಟು ಹೊಳೆಯಲ್ಲಿ ಬಿದ್ದುಹೋಗಿದ್ದರೆ ಆ ಕೋತಿಗಳ ಮೆರವಣಿಗೆಯ ಸುದ್ದಿ ನಮಗೆ ಈ ರೂಪದಲ್ಲಿ ಸಿಗುತ್ತಿರಲಿಲ್ಲ.

ಬರುವ ಎಳ್ಳ ಅಮಾವಾಸ್ಯೆಗೆ ನೀವು ಹೊಲಕ್ಕೆ ಹೋಗುವುದಾದರೆ ನೋಟುಬುಕ್ಕೊಂದನ್ನು ಜೊತೆಗಿಟ್ಟುಕೊಳ್ಳಿ. ಹೊಲಕ್ಕೆ ಹೆಸರಿದೆಯೇ? ಐದು ಕಲ್ಲು ಯಾವ ಮರದ ಬುಡದಲ್ಲಿಟ್ಟರು, ಕಳೆದ ವರ್ಷವೂ ಅಲ್ಲಿಯೇ ಇಟ್ಟಿದ್ದರೆ? ಭಜ್ಜಿಗೆ ಎಷ್ಟು ಬಗೆಯ ಕಾಳು ಬಿದ್ದವು, ಯಾವುದನ್ನು ಪೇಟೆಯಿಂದ ತಂದರು? ರೊಟ್ಟಿ ಬಡಿದವರು ಯಾರು, ಎಷ್ಟು ಹೊತ್ತಿಗೆ ಎದ್ದರು? ಯಾರನ್ನು ಕರೆದಿದ್ದರು, ಯಾರು ಬಂದರು? ಅಜ್ಜಿ ಜೊತೆಗಿದ್ದರೆ, ಅವರು ಚಿಕ್ಕವರಿದ್ದಾಗ ಬಂಡಿಯಲ್ಲಿ ಹೋಗುತ್ತಿದ್ದರೋ ನಡೆದು ಹೋಗುತ್ತಿದ್ದರೋ ಕೇಳಿ. ಪುಟದ ಮೇಲ್ಗಡೆ ಊರಿನ ಹೆಸರು, ತಾರೀಖು ಬರೆಯುವುದನ್ನು ಮರೆಯಬೇಡಿ.