ಸುಧಾರಕರ ಮನೆಯೇ ದಾಖಲೆ: ಮಂಡ್ಯ ಸೀಮೆಯಲ್ಲಿ ಮನೆ-ವಸ್ತುಸಂಗ್ರಹಾಲಯದ ಸಾಧ್ಯತೆ

1938ರ ಏಪ್ರಿಲ್‌ನಲ್ಲಿ ಮೈಸೂರು ಕಾಂಗ್ರೆಸ್ಸಿನ ಮೊದಲ ಅಧಿವೇಶನ ಮದ್ದೂರಿನ ಬಳಿಯ ಶಿವಪುರದಲ್ಲಿ ಸೇರಿತು. ನಿಷೇಧಾಜ್ಞೆ ಮೀರಿ ಟಿ. ಸಿದ್ದಲಿಂಗಯ್ಯನವರು ಧ್ವಜ ಹಾರಿಸಿದ ಆ ಊರಿನಲ್ಲಿ ಇಂದು ಸತ್ಯಾಗ್ರಹ ಸೌಧವಿದೆ. ಒಂದು ಘಟನೆಯನ್ನು ನೆನೆಯಲು ಸೌಧ ಸಾಕು. ಆದರೆ ಅಸ್ಪೃಶ್ಯತಾ ನಿವಾರಣೆ, ಸಹಭೋಜನ, ಸ್ತ್ರೀಶಿಕ್ಷಣಗಳಂಥ ಸುಧಾರಣೆ ದಿನದಿನವೂ ಪರೀಕ್ಷೆಗೆ ಒಳಗಾದದ್ದು ಮನೆಯೊಳಗೆ. ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳಲ್ಲಿ ಸುಧಾರಕರ ಮನೆಗಳನ್ನು ಉಳಿಸುವಾಗ ಕಟ್ಟಡದ ಅಂದಕ್ಕಿಂತ ಅದರೊಳಗಿನ ಓಡಾಟದ ಎಲ್ಲೆಗಳನ್ನು ಮೊದಲು ದಾಖಲಿಸಬೇಕೆಂಬುದು ಈ ಲೇಖನದ ವಾದ.

ಹಳೇ ಮೈಸೂರು ಸೀಮೆಯ ತೊಟ್ಟಿಮನೆಯಲ್ಲಿ ಜಗುಲಿ, ಪಡಸಾಲೆ, ನಡುಮನೆ, ಅಡುಗೆಮನೆ, ಹಿತ್ತಿಲು ಎಂಬ ಕ್ರಮ ಕಾಣುತ್ತದೆ. ಜಗುಲಿಯ ಕೆಳಗೇ ನಿಲ್ಲಬೇಕಾದವರು ಯಾರು, ಪಡಸಾಲೆಯವರೆಗೆ ಬರಬಹುದಾದವರು ಯಾರು, ಬಾವಿಯ ನೀರು ಸೇದುವವರು ಯಾರು ಎಂಬುದನ್ನು ಜಾತಿ ಗೊತ್ತುಮಾಡುತ್ತಿತ್ತು. ಹೆಂಗಸರು ಹೊರಗೆ ಎಷ್ಟು ಕಾಣಿಸಿಕೊಳ್ಳಬಹುದೆಂಬುದಕ್ಕೂ ಕಟ್ಟುಪಾಡಿತ್ತು. ಸುಧಾರಕರು ಮುರಿದದ್ದು ಈ ಎಲ್ಲೆಗಳನ್ನೇ. ಆದ್ದರಿಂದ ಜಗುಲಿ ಒಡೆದು ಟೈಲ್ಸ್ ಹಾಸಿದರೆ, ಬಾವಿ ಮುಚ್ಚಿ ವಾಹನ ನಿಲುಗಡೆಗೆ ಜಾಗ ಮಾಡಿದರೆ, ಚರಿತ್ರೆಯ ಸಾಕ್ಷ್ಯವೇ ಅಳಿಯುತ್ತದೆ.

ಮಂಡ್ಯ ಜಿಲ್ಲೆಗೆ ಮನೆ-ಸ್ಮಾರಕ ಹೊಸದಲ್ಲ: ಮೇಲುಕೋಟೆಯಲ್ಲಿ ಕವಿ ಪು.ತಿ.ನ. ಅವರ ಮನೆ ಉಳಿದಿದೆ. ಆದರೆ ತಡವಾದರೆ ಏನಾಗುತ್ತದೆಂಬುದಕ್ಕೆ ಮೈಸೂರಿನ ಯಾದವಗಿರಿ ನಿದರ್ಶನ. ಆರ್.ಕೆ. ನಾರಾಯಣ್ ಅವರ ಮನೆಯನ್ನು 2011ರಲ್ಲಿ ಕೆಡವಲು ತೊಡಗಿದ ಮೇಲಷ್ಟೇ ಜನ ಎಚ್ಚೆತ್ತರು. ಅದು ವಸ್ತುಸಂಗ್ರಹಾಲಯವಾಗಿ ತೆರೆದದ್ದು 2016ರಲ್ಲಿ. ಅಂಬೇಡ್ಕರ್ 1921–22ರಲ್ಲಿ ವಾಸವಿದ್ದ ಲಂಡನ್ನಿನ ಮನೆಯನ್ನು ಮಹಾರಾಷ್ಟ್ರ ಸರ್ಕಾರ 2015ರಲ್ಲಿ ಕೊಂಡಿತು. ವಸತಿ ಕಟ್ಟಡವನ್ನು ವಸ್ತುಸಂಗ್ರಹಾಲಯವಾಗಿ ಬಳಸಲು ಆಕ್ಷೇಪ ಎದುರಾಗಿ, ಅನುಮತಿ ದೊರೆತದ್ದು 2020ರಲ್ಲಿ. ಮನೆ ಕೊಂಡರಷ್ಟೇ ಸಾಲದು, ನೆರೆಹೊರೆಯ ಒಪ್ಪಿಗೆಯೂ ಬೇಕೆಂಬುದು ಅಲ್ಲಿನ ಪಾಠ.

ಕಾನೂನಿನ ತೊಡಕೂ ಇದೆ. ಕರ್ನಾಟಕದ 1961ರ ಪ್ರಾಚೀನ ಸ್ಮಾರಕಗಳ ಕಾಯ್ದೆ ಕನಿಷ್ಠ 100 ವರ್ಷ ಹಳೆಯ ಕಟ್ಟಡಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. 1930ರ ದಶಕದಲ್ಲಿ ಕಟ್ಟಿದ ಮನೆ ಆ ವಯಸ್ಸು ಮುಟ್ಟುವ ಮೊದಲೇ ಪಾಲುಪಟ್ಟಿಗೆ ಒಳಗಾಗಿ ಬಿದ್ದುಹೋಗಬಹುದು.

ಹೀಗಾಗಿ ಕೆಲಸ ದಾಖಲಾತಿಯಿಂದ ಆರಂಭವಾಗಬೇಕು: ಮನೆಯ ಅಳತೆ ನಕ್ಷೆ, ಪತ್ರ ಮತ್ತು ಛಾಯಾಚಿತ್ರಗಳ ಪಟ್ಟಿ, ಮನೆಯ ಹೆಂಗಸರ ಹಾಗೂ ಅಲ್ಲಿಗೆ ಬಂದುಹೋಗುತ್ತಿದ್ದ ದಲಿತ ಕುಟುಂಬಗಳ ಮೌಖಿಕ ಹೇಳಿಕೆ. ಮಣ್ಣಿನ ಗೋಡೆಗೆ ಸಿಮೆಂಟು ಬಳಿದರೆ ತೇವ ಒಳಗೇ ನಿಂತು ಗೋಡೆ ಹಾಳಾಗುತ್ತದೆ. ದುರಸ್ತಿಗೆ ಸುಣ್ಣದ ಗಾರೆಯೇ ಸರಿ. ಜಿಲ್ಲೆಯ ಕಾಲೇಜುಗಳ ಇತಿಹಾಸ ವಿಭಾಗಗಳು ಗ್ರಾಮ ಪಂಚಾಯಿತಿಗಳ ಜೊತೆಗೂಡಿ ಈ ಸಮೀಕ್ಷೆಯನ್ನು ಕೈಗೆತ್ತಿಕೊಳ್ಳಲಿ. ಹೇಳಿಕೆ ಕೊಡಬಲ್ಲ ಹಿರಿಯರು ಇರುವಾಗಲೇ ಇದು ಆಗಬೇಕು.