‘ವೆರೆಓರ್’: ಅಂಜಿಕೆಯ ವ್ಯಾಕರಣ

ಪ್ರಾಚೀನ ರೋಮಿನ ಲ್ಯಾಟಿನ್ ಭಾಷೆಯಲ್ಲಿ ‘ವೆರೆಓರ್’ ಎಂಬ ಕ್ರಿಯಾಪದವುಂಟು. ಇದರ ರೂಪವು ಕರ್ಮಣಿಯದು, ಅರ್ಥವು ಕರ್ತರಿಯದು. ಅಂಜಿಕೆ, ಗೌರವ ಎರಡನ್ನೂ ಇದೊಂದೇ ಸೂಚಿಸುವುದರಿಂದ ನಮ್ಮ ‘ಭಯಭಕ್ತಿ’ಗೆ ಇದನ್ನು ಹೋಲಿಸಬಹುದು. ಭಯಹೇತುವು ಸಂಸ್ಕೃತದಲ್ಲಿ ಪಂಚಮಿಯನ್ನು ಪಡೆದರೆ ಇಲ್ಲಿ ದ್ವಿತೀಯೆಯನ್ನು ಪಡೆಯುತ್ತದೆ.

ಇದರ ವಾಕ್ಯರಚನೆಯಲ್ಲೊಂದು ವೈಚಿತ್ರ್ಯವಿದೆ. ‘ನೇ’ ಎಂಬ ಅವ್ಯಯವು ನಿಷೇಧಾರ್ಥಕವಾದರೂ, ‘ವೆರೆಓರ್ ನೇ ವೆನಿಯತ್’ ಎಂದರೆ ‘ಅವನು ಬಂದಾನೆಂದು ಅಂಜುತ್ತೇನೆ’ ಎಂದೇ ಅರ್ಥ. ‘ನೇ’ ಬದಲು ‘ಉತ್’ ಬಂದರೆ, ‘ಬಾರದೆ ಹೋದಾನೆಂದು’ ಅಂಜಿದಂತಾಯಿತು. ಇದನ್ನರಿಯದೆ ಸಿಸೆರೋವಿನ (ಕ್ರಿ. ಪೂ. 106–43) ಪತ್ರಗಳನ್ನೋದುವವನಿಗೆ ಅರ್ಥವು ತಲೆಕೆಳಗಾಗುವುದು.

ಮೂಲದಲ್ಲಿ ಇವು ಎರಡು ವಾಕ್ಯಗಳು: ‘ಅಂಜುತ್ತೇನೆ, ಅವನು ಬಾರದಿರಲಿ!’ ಕಾಲಕ್ರಮದಲ್ಲಿ ಎರಡೂ ಬೆಸೆದುಕೊಂಡು ಒಂದಾದುವು. ಅಂಜಿದವನ ಪ್ರಾರ್ಥನೆಯ ಗುರುತಾಗಿ ಆ ನಿಷೇಧಪದವು ಮಾತ್ರ ವ್ಯಾಕರಣದಲ್ಲಿ ಉಳಿದುಕೊಂಡಿತು.